ಮಕ್ಕಳ ಮನಸ್ಸನ್ನು ಅಳೆಯುವವರು ಪಂಚಾಂಗವನ್ನೂ ನೋಡಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಲೇಖನಗಳು ಬರುತ್ತಿವೆ. ಎಳ್ಳ ಅಮಾವಾಸ್ಯೆ ಬಂದರೆ ಹೊಲ ಪೂಜಿಸಿ ಚರಗ, ಅಂದರೆ ನೈವೇದ್ಯದ ಅಡುಗೆಯನ್ನು ಬೆಳೆಗೆ ಚೆಲ್ಲುವ ರೈತ ಕುಟುಂಬಗಳ ಚಿತ್ರಗಳೂ ತಪ್ಪದೆ ಬರುತ್ತವೆ. ಲೇಖನ ಒಂದು ಪುಟದಲ್ಲಿ, ಚಿತ್ರ ಇನ್ನೊಂದು ಪುಟದಲ್ಲಿ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮಟ್ಟಿಗೆ ಇವೆರಡೂ ಒಂದೇ ಮನೆಯ ಸುದ್ದಿ. ನಮ್ಮ ಮಕ್ಕಳ ಮನಸ್ಸಿನ ಮೇಲೆ ಸಂಶೋಧನೆ ಮಾಡುವವರು ನಮ್ಮ ಹೊಲದ ಸುಗ್ಗಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅವರ ಕೈಗೆ ಸಿಗುವುದು ಅರ್ಧ ಮಾಹಿತಿ. ಅದನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಲಬುರಗಿ ನಗರದಲ್ಲಿರುವ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯವೊಂದರ ಮೇಲ್ವಿಚಾರಕಿ. ತವರು ಸುರಪುರ ತಾಲ್ಲೂಕು, ಗಂಡನ ಮನೆ ಜೇವರ್ಗಿ ಕಡೆ. ಎರಡೂ ಒಕ್ಕಲುತನದ ಮನೆಗಳು. ಓದಿದ್ದು ಸಮಾಜಶಾಸ್ತ್ರ. ನಮ್ಮ ನಿಲಯದಲ್ಲಿ ಆಳಂದ, ಅಫಜಲಪುರ, ಚಿಂಚೋಳಿ, ಔರಾದ್, ಶಹಾಪುರ, ಗುರುಮಠಕಲ್ ಕಡೆಯ ಹುಡುಗಿಯರಿದ್ದಾರೆ. ಬಿ.ಎ., ಬಿ.ಎಸ್ಸಿ., ನರ್ಸಿಂಗ್, ಬಿ.ಇಡಿ. ಓದುವವರು. ಯಾರು ಊಟಕ್ಕೆ ಬಂದರು, ಯಾರು ಬರಲಿಲ್ಲ, ಯಾರು ಬಂದು ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕುಳಿತರು ಎಂಬುದನ್ನು ನೋಡುವುದು ನನ್ನ ದಿನನಿತ್ಯದ ಕೆಲಸ.

ಕಳೆದ ಡಿಸೆಂಬರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ತಂಡವೊಂದು ಪ್ರಶ್ನಾವಳಿ ಹಿಡಿದು ನಮ್ಮಲ್ಲಿಗೆ ಬಂದಿತ್ತು. ಮೇಲಧಿಕಾರಿಗಳ ಅನುಮತಿ ಪತ್ರವಿತ್ತು, ಮಾತು ಮರ್ಯಾದೆಯಿಂದಿತ್ತು. ಪ್ರಶ್ನಾವಳಿಯೂ ಹೊಸದೇನಲ್ಲ, ಖಿನ್ನತೆಯನ್ನು ಗುರುತಿಸಲು ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರಗಳಲ್ಲಿ ಕೆಲಸದಲ್ಲಿ ಆಸಕ್ತಿ ಇತ್ತೇ, ನಿದ್ದೆ ಬಂತೇ, ಹಸಿವಾಯಿತೇ, ಬದುಕು ಬೇಡವೆನಿಸಿತೇ ಎಂದು ಕೇಳುತ್ತಾರೆ. ಪ್ರತಿ ಉತ್ತರಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಮಾತನಾಡಿಸಿ ನೋಡಬೇಕಾದ ಸ್ಥಿತಿ. ಈ ಸಾಧನದ ಮೇಲೆ ನನ್ನ ತಕರಾರಿಲ್ಲ. ಕೇಳಿದ ಜಾಗ, ಕೇಳಿದ ದಿನ, ಕೇಳದೆ ಬಿಟ್ಟ ಸಂಗತಿ, ಈ ಮೂರರ ಮೇಲೆ ಇದೆ.

ಕೇಳಿದ ಜಾಗ ಊಟದ ಕೋಣೆ. ಉದ್ದನೆಯ ಮೇಜಿನ ಎರಡೂ ಕಡೆ ಹುಡುಗಿಯರು ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಹಾಳೆಯ ನೆತ್ತಿಯಲ್ಲಿ ಕಾಲೇಜಿನ ನೋಂದಣಿ ಸಂಖ್ಯೆ ಬರೆಯುವ ಚೌಕ, ಅದರ ಕೆಳಗೇ ‘ನಿಮ್ಮ ಉತ್ತರಗಳನ್ನು ಗೋಪ್ಯವಾಗಿ ಇಡಲಾಗುವುದು’ ಎಂಬ ಸಾಲು. ಶಿಸ್ತಿಗಾಗಿ ನಾನು ಅಲ್ಲಿಯೇ ನಿಂತಿರಬೇಕು ಎಂದು ತಂಡದವರು ಕೇಳಿಕೊಂಡರು. ನಾನು ಒಪ್ಪದೆ ಅಡುಗೆಕೋಣೆಗೆ ಹೋದೆ. ಅಲ್ಲಿಂದಲೂ ಕಾಣುತ್ತಿತ್ತು. ಒಬ್ಬಳು ಒಂಬತ್ತನೆಯ ಪ್ರಶ್ನೆಗೆ ಗುರುತು ಹಾಕಿದಳು, ಪಕ್ಕದವಳು ಬಗ್ಗಿ ನೋಡಿದಳು, ಇವಳು ರಬ್ಬರ್ ಕೇಳಿ ಪಡೆದು ಅಳಿಸಿದಳು. ಅಳಿಸಿದ ಜಾಗದ ಮೇಲೆ ಬೆರಳಿನಿಂದ ಇನ್ನೊಮ್ಮೆ ಉಜ್ಜಿ, ಎಡಗಡೆಯ ‘ಒಮ್ಮೆಯೂ ಇಲ್ಲ’ ಎಂಬ ಮನೆಗೆ ಗುರುತು ಹಾಕಿದಳು. ಆ ಹಾಳೆ ಮುಂದೆ ಕಂಪ್ಯೂಟರಿಗೆ ಹೋಗಿ ಒಂದು ಸೊನ್ನೆಯಾಗಿರುತ್ತದೆ. ಆ ಹುಡುಗಿಯನ್ನು ಅಂದು ಸಂಜೆಯೇ ನನ್ನ ಕೋಣೆಗೆ ಕರೆದು ಚಹಾ ಕೊಟ್ಟು ಕೂರಿಸಿಕೊಂಡೆ. ಈಗ ಅವಳು ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣುತ್ತಿದ್ದಾಳೆ, ಚೆನ್ನಾಗಿದ್ದಾಳೆ. ಪ್ರಶ್ನಾವಳಿಯನ್ನೇ ನಂಬಿ ಕುಳಿತಿದ್ದರೆ ಅವಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇನ್ನು ಕೇಳಿದ ದಿನ. ಈ ಸಲದ ಎಳ್ಳ ಅಮಾವಾಸ್ಯೆ 2025ರ ಡಿಸೆಂಬರ್ 19, ಶುಕ್ರವಾರ. ಸಮೀಕ್ಷೆ ನಡೆದದ್ದು ಮರುದಿನ. ನಿಲಯದ ಅರ್ಧಕ್ಕರ್ಧ ಮಂಚಗಳು ಖಾಲಿ ಇದ್ದವು. ಹುಡುಗಿಯರು ಊರಿಗೆ ಹೋಗಿದ್ದರು, ಸೋಮವಾರಕ್ಕೆ ಬರುವವರಿದ್ದರು. ಅವರ ಹೆಸರಿನ ಮುಂದೆ ‘ಗೈರು’ ಎಂದು ಬರೆದುಕೊಂಡು ತಂಡ ಹೊರಟುಹೋಯಿತು. ಹಾಗಾದರೆ ಉತ್ತರ ಕೊಟ್ಟವರು ಯಾರು? ಊರಿಗೆ ಹೋಗದೆ ಉಳಿದವರು. ಅವರು ಏಕೆ ಉಳಿದರು ಎಂಬ ಪ್ರಶ್ನೆ ಇಡೀ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

ನನಗೆ ಗೊತ್ತಿತ್ತು. ಉಳಿದವರಲ್ಲಿ ಒಬ್ಬಳು ಭೀಮಾ ದಂಡೆಯ ಊರಿನವಳು. ಸೆಪ್ಟೆಂಬರಿನಲ್ಲಿ ಹೊಳೆ ಉಕ್ಕಿ ಅವರ ತೊಗರಿ, ಹತ್ತಿ ಎರಡೂ ನೀರಿನಲ್ಲಿ ನಿಂತು ಕೊಳೆತಿದ್ದವು. ‘ಚರಗ ಚೆಲ್ಲಲು ಹೊಲದಲ್ಲಿ ಬೆಳೆಯೇ ಇಲ್ಲ ಮೇಡಂ, ಅಪ್ಪನ ಮುಖ ನೋಡಲಾಗುವುದಿಲ್ಲ’ ಎಂದಳು. ಕಾಲೇಜಿನಲ್ಲಿ ಮಾತ್ರ ಪರೀಕ್ಷೆಗೆ ಓದಲು ಉಳಿದೆ ಎಂದು ಹೇಳಿದ್ದಳು. ಇನ್ನೊಬ್ಬಳು ಯಾದಗಿರಿ ಜಿಲ್ಲೆಯ ತಾಂಡಾದವಳು. ತಂದೆತಾಯಿ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ತಾಂಡಾದ ಮನೆಗೆ ಬೀಗ ಬಿದ್ದಿದೆ, ಅಲ್ಲಿ ಅಜ್ಜಿಯೂ ಇಲ್ಲ. ಇವರಿಬ್ಬರ ಬೇಗುದಿ ಒಂದೇ ಬಗೆಯದಲ್ಲ. ಒಂಬತ್ತು ಪ್ರಶ್ನೆಗಳಿಗೆ ಇಬ್ಬರೂ ಒಂದೇ ಅಂಕ ಪಡೆದಿರಬಹುದು.

ಕಳೆದ ಎರಡು ವಾರ ಎಂಬ ಅವಧಿ ಆಸ್ಪತ್ರೆಗೆ ಸಾಕು. ನಮ್ಮ ಜಿಲ್ಲೆಗಳಲ್ಲಿ ಆ ಎರಡು ವಾರ ಯಾವುದು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಹತ್ತಿ ಬಿಡಿಸುವ ವಾರವೇ, ತೊಗರಿ ರಾಶಿಯ ವಾರವೇ, ರಾಶಿಯಾದ ಮೇಲೆ ಮಾಲು ಮಾರುಕಟ್ಟೆಗೆ ಹೋಗಿ ದರ ಬಿದ್ದ ವಾರವೇ? ಕೇಂದ್ರ ಸರ್ಕಾರ 2025-26ಕ್ಕೆ ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಿಸಿದೆ. ಖರೀದಿ ಕೇಂದ್ರದ ಬಾಗಿಲು ತೆರೆಯುವವರೆಗೆ ಕಾಯಲು ಸಾಲಗಾರ ಬಿಡಬೇಕಲ್ಲ. ಅಪ್ಪ ಅಡತಿ (ದಲ್ಲಾಳಿ) ಅಂಗಡಿಯಿಂದ ಎಷ್ಟು ಹಣ ತಂದರು ಎಂಬುದರ ಮೇಲೆ ಮಗಳ ಮುಂದಿನ ಸೆಮಿಸ್ಟರ್ ಶುಲ್ಕ ನಿಂತಿರುತ್ತದೆ. ಆ ಲೆಕ್ಕ ಮಗಳಿಗೆ ಬಾಯಿಪಾಠ. 2022ರ ಕೊನೆಯಲ್ಲಿ ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿದಾಗ ನಿಲಯದಲ್ಲಿ ರಾತ್ರಿ ಓದುವ ದೀಪಗಳು ಎಷ್ಟು ಬೇಗ ಆರುತ್ತಿದ್ದವು ಎಂಬುದು ನನಗೆ ಇಂದಿಗೂ ನೆನಪಿದೆ.

ಹಬ್ಬ ಇಂಗ್ಲಿಷ್ ಕ್ಯಾಲೆಂಡರ್ ಕೇಳಿ ಬರುವುದಿಲ್ಲ ಎಂಬುದನ್ನೂ ಸಂಶೋಧಕರು ಗಮನಿಸಬೇಕು. 2024ರಲ್ಲಿ ಎಳ್ಳ ಅಮಾವಾಸ್ಯೆ ಎರಡು ಸಲ ಬಂತು, ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಇನ್ನೊಮ್ಮೆ. 2026ರಲ್ಲಿ ಅಧಿಕ ಮಾಸ ಇರುವುದರಿಂದ ಆ ಇಡೀ ವರ್ಷ ಎಳ್ಳ ಅಮಾವಾಸ್ಯೆಯೇ ಇಲ್ಲ, ಮುಂದಿನದು 2027ರ ಜನವರಿ 7ಕ್ಕೆ. ಪ್ರತಿ ವರ್ಷ ಡಿಸೆಂಬರ್ ಮೂರನೆಯ ವಾರ ಸಮೀಕ್ಷೆ ಎಂದು ಬರೆದುಕೊಂಡವರಿಗೆ ಒಂದು ವರ್ಷ ಖಾಲಿ ನಿಲಯ ಸಿಗುತ್ತದೆ, ಇನ್ನೊಂದು ವರ್ಷ ತುಂಬಿದ ನಿಲಯ ಸಿಗುತ್ತದೆ. ಆಮೇಲೆ ಎರಡು ವರ್ಷಗಳ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ಒತ್ತಡ ಏರಿದೆ, ಇಳಿದಿದೆ ಎಂದರೆ ನಾವು ಏನೆಂದು ನಂಬಬೇಕು?

ಕೇಳದೆ ಬಿಟ್ಟ ಸಂಗತಿಯೇ ನನಗೆ ಎಲ್ಲಕ್ಕಿಂತ ಮುಖ್ಯ. ನಿಲಯದಲ್ಲಿ ಹುಡುಗಿಯರು ಊರಿಗೆ ಹೋಗುವಾಗ ಸಹಿ ಮಾಡುವ ವಹಿ ಒಂದಿದೆ. ಹೋಗುವ ಕಾರಣ ಬರೆಯುವ ಅಂಕಣವನ್ನು ಓದುತ್ತಾ ಹೋದರೆ ನಮ್ಮ ಸೀಮೆಯ ಒಕ್ಕಲುತನದ ಇಡೀ ವರ್ಷ ಅಲ್ಲಿದೆ: ಹತ್ತಿ ಬಿಡಿಸಲು, ತೊಗರಿ ರಾಶಿ, ಎಳ್ಳ ಅಮಾವಾಸ್ಯೆ, ಮೆಣಸಿನಕಾಯಿ ಬಿಡಿಸಲು, ಕಾರಹುಣ್ಣಿಮೆ, ಮತ್ತೆ ತಮ್ಮನಿಗೆ ಹುಷಾರಿಲ್ಲ, ಅಕ್ಕನ ಸೀಮಂತ. ಹತ್ತಿ ಬಿಡಿಸಲು ಎಂದು ಬರೆದು ಹೋದವಳು ಹಬ್ಬ ಮಾಡಲು ಹೋದವಳಲ್ಲ, ಕೂಲಿಗೆ ಹೋದವಳು. ಬೆರಳ ತುದಿಗಳೆಲ್ಲ ತರಚಿಕೊಂಡು ಬರುತ್ತಾಳೆ. ಸುಗ್ಗಿ ಎಂದ ಕೂಡಲೇ ಹಾಡು, ಹಂತಿ, ಹೋಳಿಗೆ ಎಂದು ಬರೆಯುವವರು ಈ ಬೆರಳುಗಳನ್ನು ನೋಡಿಲ್ಲ. ಜಾನಪದದವರು ಕಣದ ಹಾಡು ಧ್ವನಿಮುದ್ರಿಸಿಕೊಂಡು ಹೋಗುತ್ತಾರೆ, ಮನಶ್ಶಾಸ್ತ್ರದವರು ಅಂಕ ಎಣಿಸಿಕೊಂಡು ಹೋಗುತ್ತಾರೆ. ಇಬ್ಬರೂ ಒಟ್ಟಿಗೆ ಕುಳಿತು ಒಬ್ಬ ಹುಡುಗಿಯ ಒಂದು ವರ್ಷವನ್ನು ಪೂರ್ತಿ ಕೇಳಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಎಳ್ಳ ಅಮಾವಾಸ್ಯೆಯಿಂದ ಮಕ್ಕಳಿಗೆ ಒಳ್ಳೆಯದಾಗುತ್ತದೆಯೇ? ಆಗುವುದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಹೊಲದಲ್ಲಿ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸುತ್ತೇವೆ. ಜೋಳದ ದಂಟಿನಿಂದ ಕೊಂಪೆ ಕಟ್ಟುತ್ತೇವೆ. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಮಣ್ಣಿನ ಗಡಿಗೆಯಲ್ಲಿ ಅಂಬಲಿ, ಮತ್ತೆ ಭಜ್ಜಿ. ಆ ಕಾಲಕ್ಕೆ ಹೊಲದಲ್ಲಿ, ಸಂತೆಯಲ್ಲಿ ಸಿಗುವ ಹಸಿ ಕಾಳು, ಸೊಪ್ಪು, ಕಾಯಿಪಲ್ಯ ಯಾವುದನ್ನೂ ಬಿಡದೆ ಹಾಕಿ ಕುದಿಸಿದ ಭಜ್ಜಿಯ ರುಚಿ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಊಟಕ್ಕೆ ಮುಂಚೆ ಮಾವನವರು ಚರಗ ಚೆಲ್ಲುತ್ತಾ ಹೊಲದ ಬದುಗುಂಟ ಮುಂದೆ ಹೋಗುತ್ತಾರೆ, ಹಿಂದಿನಿಂದ ಒಬ್ಬರು ತಂಬಿಗೆಯಿಂದ ನೀರು ಹಾಕುತ್ತಾ ಹೋಗಬೇಕು. ನನ್ನ ಮೈದುನನ ಮಗಳು ಪಿಯುಸಿಯಲ್ಲಿ ನಪಾಸಾಗಿ ಮನೆಯಲ್ಲಿ ಯಾರೊಂದಿಗೂ ಮಾತು ಬಿಟ್ಟಿದ್ದ ವರ್ಷ ಮಾವನವರು ತಂಬಿಗೆಯನ್ನು ಅವಳ ಕೈಗೆ ಕೊಟ್ಟು, ‘ಬಾ ತಾಯಿ, ನನ್ನ ಹಿಂದೆ ನಡೆ’ ಎಂದರು. ಹೊಲ ಸುತ್ತುವಷ್ಟು ಹೊತ್ತು ಇಬ್ಬರೇ. ಅಂಕಗಳ ಮಾತು ಎತ್ತಲಿಲ್ಲವಂತೆ, ಜೋಳ ತೆನೆ ಕಟ್ಟಿರುವುದನ್ನು ತೋರಿಸಿದರಂತೆ. ಅಂದು ಅವಳು ಎಲ್ಲರ ಜೊತೆ ಕುಳಿತು ಉಂಡಳು. ಅಷ್ಟರಿಂದಲೇ ಸರಿಹೋದಳು ಎಂದು ನಾನು ಹೇಳುವುದಿಲ್ಲ. ಆಮೇಲೆ ಪೂರಕ ಪರೀಕ್ಷೆ ಕಟ್ಟಿದಳು, ಒಬ್ಬ ಒಳ್ಳೆಯ ಉಪನ್ಯಾಸಕಿ ಸಿಕ್ಕರು, ಅದೂ ಸೇರಿತು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಷ್ಟು ಹಿಂದೆಯೇ ಆತ್ಮಹತ್ಯೆಯನ್ನು ಸಾಮಾಜಿಕ ಸಂಗತಿಯಾಗಿ ಅಧ್ಯಯನ ಮಾಡಿ, ಮನುಷ್ಯ ತನ್ನವರೊಂದಿಗೆ ಎಷ್ಟು ಬೆಸೆದುಕೊಂಡಿದ್ದಾನೆ ಎಂಬುದನ್ನು ನೋಡಬೇಕು ಎಂದರು. ಜನ ಸೇರಿ ಮಾಡುವ ಆಚರಣೆಗಳು ಆ ಬೆಸುಗೆಯನ್ನು ಗಟ್ಟಿಮಾಡುತ್ತವೆ ಎಂದೂ ಆಮೇಲೆ ವಿವರಿಸಿದರು. ಎಂ.ಎ. ತರಗತಿಯಲ್ಲಿ ಓದಿದ್ದ ಆ ಮಾತು ಹೊಲದಲ್ಲಿ ಅರ್ಥವಾಯಿತು.

ಹಾಗೆಂದು ಹಬ್ಬವನ್ನೇ ಔಷಧ ಎಂದು ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಹಿಂದಿನವರು ಹಬ್ಬ ಮಾಡುತ್ತಿದ್ದರು, ಆದ್ದರಿಂದ ಅವರಿಗೆ ಖಿನ್ನತೆ ಇರಲಿಲ್ಲ ಎಂದು ವೇದಿಕೆ ಮೇಲೆ ನಿಂತು ಹೇಳುವವರಿದ್ದಾರೆ. ಅದು ಸುಳ್ಳು. ಚರಗ ಚೆಲ್ಲಿದ ಕೈಗಳೇ ಸಾಲ ತೀರಿಸಲಾಗದೆ ಸೋತದ್ದನ್ನು ಈ ಮೂರು ಜಿಲ್ಲೆಗಳು ಕಂಡಿವೆ. ಊರಿಗೆ ಹೋಗಿ ಬಂದ ವಿದ್ಯಾರ್ಥಿಗಳು ಉಳಿದವರಿಗಿಂತ ನೆಮ್ಮದಿಯಿಂದ ಇದ್ದಾರೆಂದು ಸಮೀಕ್ಷೆ ತೋರಿಸಿತು ಎನ್ನೋಣ. ಹಬ್ಬ ನೆಮ್ಮದಿ ಕೊಟ್ಟಿತೋ, ನೆಮ್ಮದಿ ಇರುವ ಮನೆಯ ಮಕ್ಕಳೇ ಹಬ್ಬಕ್ಕೆ ಹೋದರೋ? ಒಂದೇ ದಿನ ಕೇಳಿದ ಪ್ರಶ್ನೆಗಳಿಂದ ಇದನ್ನು ಬಿಡಿಸಲಾಗುವುದಿಲ್ಲ. ಹಬ್ಬಕ್ಕೆ ಮುಂಚೆ ಕೇಳಬೇಕು, ಆಮೇಲೆ ಕೇಳಬೇಕು, ಹಬ್ಬವಿಲ್ಲದ ತಿಂಗಳಲ್ಲೂ ಕೇಳಬೇಕು. ಹೊಲ ಇದೆಯೇ, ಎಷ್ಟು ಎಕರೆ, ಸ್ವಂತದ್ದೇ, ಪಾಲಿಗೆ ಮಾಡಿದ್ದೇ ಎಂದು ಕೇಳಬೇಕು. ಹೊಲವೇ ಇಲ್ಲದವರ ಮನೆಗೆ ಎಳ್ಳ ಅಮಾವಾಸ್ಯೆ ಎಂದರೆ ಬೇರೆಯವರ ಹೊಲದ ಅಂಚಿನಲ್ಲಿ ಸಿಗುವ ಊಟವೋ, ಕರೆಯದೆ ಉಳಿದ ನೋವೋ ಎಂಬುದನ್ನೂ ಕೇಳಬೇಕು. ಹುಡುಗಿಯರನ್ನು ಬೇರೆಯಾಗಿಯೇ ಕೇಳಬೇಕು. ಅಣ್ಣ ಮನೆಗೆ ಹೋದರೆ ಮಲಗುತ್ತಾನೆ. ತಂಗಿ ಹೋದರೆ ಹಿಂದಿನ ರಾತ್ರಿಯಿಂದ ರೊಟ್ಟಿ ಬಡಿದು, ಬುಟ್ಟಿ ಹೊತ್ತು, ಸಂಜೆ ಪಾತ್ರೆ ತೊಳೆದು, ಅತ್ತೆಯಂದಿರಿಂದ ‘ಇನ್ನೆಷ್ಟು ವರ್ಷ ಓದುತ್ತೀಯ’ ಎಂಬ ಮಾತು ಕೇಳಿ ಬರುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾಗಿರುವುದರಿಂದ ನಮ್ಮ ಹುಡುಗಿಯರು ಊರಿಗೆ ಹೋಗುವುದು ಹೆಚ್ಚಾಗಿದೆ. ಇದರಿಂದ ಅವರ ಮನಸ್ಸು ಹಗುರಾಯಿತೋ, ಮನೆಗೆಲಸ ಹೆಚ್ಚಾಯಿತೋ ಎಂಬುದು ಒಂದು ಪಿಎಚ್.ಡಿ.ಗೆ ಸಾಲುವ ಪ್ರಶ್ನೆ.

ಇದೆಲ್ಲ ಆಗದ ಮಾತು ಎನ್ನುವವರು ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿಯನ್ನು ನೆನೆಯಬೇಕು. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಸಿಬ್ಬಂದಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಜನರ ನಡುವೆ ವರ್ಷಗಟ್ಟಲೆ ಇದ್ದು ಮಾಡಿದ ಕೆಲಸ ಅದು. ಆದರೆ 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ಆ ಸಮೀಕ್ಷೆ ಹೇಳಿತು. ಚಿಂಚೋಳಿಯ, ಔರಾದ್‌ನ ಮಕ್ಕಳ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿ ಹೇಳುತ್ತದೆ. ಅಷ್ಟು ದೊಡ್ಡ ಸಂಖ್ಯೆಯ ಮುಂದೆ ನನ್ನಂಥವಳಿಗೆ ಮಾತು ಹೊರಡುವುದಿಲ್ಲ.

ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಾದ ಆಪ್ತಸಮಾಲೋಚಕರನ್ನು ಹೊಂದಿರಬೇಕು ಎಂದು ನಿರ್ದೇಶನ ಕೊಟ್ಟಿದೆ. ಕಾಲೇಜುಗಳವರು ನೇಮಕ ಮಾಡುವಾಗ ನಮ್ಮ ಮಾತು ತಿಳಿದವರನ್ನು, ರಾಶಿ ಎಂದರೆ, ನೆಟೆ ಎಂದರೆ, ಅಡತಿ ಎಂದರೆ ಏನೆಂದು ಗೊತ್ತಿರುವವರನ್ನು ಹುಡುಕಲಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಇದೆ. ಹಗಲಿರುಳು ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ. ನಮ್ಮ ನಿಲಯದಲ್ಲಿ ಆ ಸಂಖ್ಯೆಯನ್ನು ಸೂಚನಾಫಲಕದ ಬದಲು ಸ್ನಾನಗೃಹದ ಬಾಗಿಲ ಒಳಗಡೆ ಅಂಟಿಸಿದ್ದೇನೆ. ಅಲ್ಲಾದರೆ ಯಾರ ಕಣ್ಣಿಗೂ ಬೀಳದೆ ಬರೆದುಕೊಳ್ಳಬಹುದು.

ಸಂಪಾದಕರೇ, ನಿಮ್ಮಲ್ಲಿಯೂ ಒಂದು ವಿನಂತಿ ಇದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಶೇ 42.43ರಷ್ಟು ಫಲಿತಾಂಶ ಪಡೆದು ರಾಜ್ಯಕ್ಕೇ ಕೊನೆಯಾಯಿತು, ಹಿಂದಿನ ವರ್ಷ ಯಾದಗಿರಿ ಕೊನೆಯಾಗಿತ್ತು. ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದ ದಪ್ಪಕ್ಷರದ ಸಾಲುಗಳು ಶಿಕ್ಷಣ ಇಲಾಖೆಗೆ ಎಷ್ಟು ತಾಗಿದವೋ ನನಗೆ ತಿಳಿಯದು, ನಮ್ಮ ಮಕ್ಕಳಿಗೆ ತಾಗಿದವು. ಬೆಂಗಳೂರು ಕಡೆಯ ಕಾಲೇಜಿಗೆ ಸೇರಿದವಳೊಬ್ಬಳು ತನ್ನ ಜಿಲ್ಲೆಯ ಹೆಸರು ಹೇಳಲು ಹಿಂಜರಿಯುತ್ತೇನೆ ಎಂದು ಫೋನಿನಲ್ಲಿ ಅತ್ತಳು. ಫಲಿತಾಂಶದ ಪುಟದಲ್ಲಿ ಮುಂದಿನ ಪರೀಕ್ಷೆಯ ದಿನಾಂಕ, ಸಹಾಯವಾಣಿಯ ಸಂಖ್ಯೆ ಇವೆರಡಕ್ಕೂ ಅಷ್ಟೇ ದಪ್ಪಕ್ಷರ ಕೊಡಿ. ಆತ್ಮಹತ್ಯೆ ಸುದ್ದಿಗಳನ್ನು ಹೇಗೆ ಬರೆಯಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ತಾಲ್ಲೂಕು ಮಟ್ಟದ ವರದಿಗಾರರಿಗೂ ಮುಟ್ಟಿಸಿ.

ಡಿಸೆಂಬರಿನಲ್ಲಿ ಬಂದ ತಂಡದಿಂದ ಈವರೆಗೆ ಒಂದು ಸಾಲಿನ ವರದಿಯೂ ನಮ್ಮ ಹುಡುಗಿಯರಿಗೆ ಬಂದಿಲ್ಲ. ‘ನಾವು ಬರೆದುಕೊಟ್ಟದ್ದು ಏನಾಯಿತು ಮೇಡಂ’ ಎಂದು ಕೇಳುತ್ತಾರೆ. ಉತ್ತರ ಕೊಟ್ಟವರಿಗೆ ಫಲಿತಾಂಶ ತಿಳಿಸುವುದು, ಹತ್ತು ಅಥವಾ ಹೆಚ್ಚು ಅಂಕ ಬಂದವರನ್ನು ಅದೇ ವಾರ ವೈದ್ಯರ ಬಳಿ ಕಳಿಸುವ ಏರ್ಪಾಡು ಮಾಡಿಕೊಂಡೇ ಪ್ರಶ್ನಾವಳಿ ಹಂಚುವುದು, ಇವು ಸಂಶೋಧನೆಯ ಭಾಗವೇ ಆಗಬೇಕು. ಅನುಮತಿ ಕೊಡುವ ಅಧಿಕಾರಿಗಳು ಈ ಎರಡು ಷರತ್ತು ಹಾಕಿಯೇ ಸಹಿ ಮಾಡಲಿ.

ಮುಂದೆ ಬರುವವರು ಮಾಡುವ ಸಮೀಕ್ಷೆಗೆ ನನ್ನ ಸಹಕಾರವಿದೆ. ಹುಡುಗಿಯರು ಒಪ್ಪಿದರೆ ನಿಲಯದ ವಹಿಯಿಂದ ಹೆಸರು ತೆಗೆದು ತಿಂಗಳು, ಕಾರಣಗಳನ್ನಷ್ಟೇ ನಕಲು ಮಾಡಿ ಕೊಡಲು ಮೇಲಧಿಕಾರಿಗಳ ಅನುಮತಿ ಕೇಳುತ್ತೇನೆ. ಊಟದ ಕೋಣೆ ಬೇಡ, ಒಬ್ಬೊಬ್ಬರೇ ಕುಳಿತು ಬರೆಯಲು ಓದುವ ಕೋಣೆ ಬಿಟ್ಟುಕೊಡುತ್ತೇನೆ. ನಮ್ಮ ಭಾಗದ ವಿಶ್ವವಿದ್ಯಾಲಯಗಳು, ಕಾಲೇಜುಗಳು 2026-27ರ ಪರೀಕ್ಷಾ ವೇಳಾಪಟ್ಟಿ ಮಾಡುವಾಗ 2027ರ ಜನವರಿ 7ರ ಗುರುವಾರ ಮತ್ತು ಅದರ ಮರುದಿನ ಯಾವ ಪರೀಕ್ಷೆಯನ್ನೂ, ಕಿರುಪರೀಕ್ಷೆಯನ್ನೂ ಇಡದಿರಲಿ. ಅಂದು ಊರಿಗೆ ಹೋಗದೆ ನಿಲಯದಲ್ಲಿ ಉಳಿಯುವವರ ಪಟ್ಟಿಯನ್ನು ನಾನು ಹಿಂದಿನ ದಿನವೇ ಮಾಡಿಕೊಳ್ಳುತ್ತೇನೆ. ನನ್ನಂತೆ ನಿಲಯ ನೋಡಿಕೊಳ್ಳುವ ಮೂರೂ ಜಿಲ್ಲೆಗಳ ಸಹೋದ್ಯೋಗಿಗಳೂ ಅದನ್ನು ಮಾಡಿಕೊಂಡು, ಉಳಿದವರ ಪಕ್ಕದಲ್ಲಿ ಒಂದು ಹೊತ್ತು ಕುಳಿತುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ಹುಡುಗಿಯರ ಗುರುತು ಯಾರಿಗೂ ಸಿಗಬಾರದು. ಆದ್ದರಿಂದ ದಯವಿಟ್ಟು ನನ್ನ ಹೆಸರನ್ನಾಗಲಿ ನಿಲಯದ ಹೆಸರನ್ನಾಗಲಿ ಪ್ರಕಟಿಸಬೇಡಿ.

ಇಂತಿ,
ವಿದ್ಯಾರ್ಥಿನಿಲಯದ ಮೇಲ್ವಿಚಾರಕಿ, ಕಲಬುರಗಿ